ನಾಟಿಗೆ ಬಂದವರು

ಬದುವಿನ ಮೇಲೆ ನಿಂತಿದ್ದ ಮುದುಕ ಮತ್ತೊಮ್ಮೆ ಏನೋ ಕೇಳಿದ. ಹುಸ್ನಾ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಕೆಸರಿನಲ್ಲಿ ಬಗ್ಗಿ ನೆಲ್ಲಿನ ಸಸಿ ಹಚ್ಚುತ್ತಿದ್ದ ಅವಳ ತಾಯಿ ಮೆಹರಬಾನುವಿನ ಕೈ ಅಲ್ಲೇ ನಿಂತಿತು. ಮುದುಕನ ಮಾತು ಮಗಳಿಗೆ ತಿಳಿದಿಲ್ಲವೆಂದು ತಲೆ ಎತ್ತದೆಯೇ ಗೊತ್ತಾಯಿತು.

"ಏನಂತಾರವಾ?" ಎಂದ ಸಿದ್ದಲಿಂಗೇಶ. ಸಿಂಧನೂರಿನಲ್ಲಿ ನಾಟಿ ಮಷಿನ್ ಮಾರುವ ಅಂಗಡಿ ಅವನದು.

"ತಿಳೀವಲ್ದ್ರೀ ಅಣ್ಣಾರ. ಭಾಳ ಜಲ್ದಿ ಮಾತಾಡಾಕತ್ಯಾರ."

"ಮತ್ತ ಇಷ್ಟು ದಿನ ಏನ್ ಕಲ್ತಿ ನೀ?"

ಈ ಜಪಾನಿ ಮುದುಕ, ಹೆಸರು ಕುರೋಕಿ, ನಾಟಿ ಮಷಿನ್ ತಯಾರಿಸುವುದರಲ್ಲೇ ತಲೆಗೂದಲು ಹಣ್ಣು ಮಾಡಿಕೊಂಡವನು. ನಿವೃತ್ತನಾದ ಮೇಲೆ ಸಿಂಧನೂರಿನ ಗದ್ದೆಗಳನ್ನು ಹುಡುಕಿಕೊಂಡು ಬಂದಿದ್ದ. ಸಂಗಡ ಬಂದ ದುಭಾಷಿ ರಾಯಚೂರಿನಲ್ಲಿ ಜ್ವರ ಹಿಡಿದು ಮಲಗಿದ್ದರಿಂದ ಸಿದ್ದಲಿಂಗೇಶನಿಗೆ ಹುಸ್ನಾಳ ನೆನಪಾಗಿತ್ತು. "ಇವತ್ತೊಂದಿನ ಸಂಭಾಳಿಸು. ಅಂಗಡ್ಯಾಗ ನಿನ್ನ ಕೆಲಸ ಪಕ್ಕಾ" ಎಂದು ಬೆಳಿಗ್ಗೆ ಮಾತು ಕೊಟ್ಟಿದ್ದ.

ಆ ಮಾತಿಗೇ ಮೆಹರಬಾನು ಜೋತು ಬಿದ್ದಿದ್ದಳು. ಲಂಗ ಎತ್ತಿ ಕಟ್ಟುವ ವಯಸ್ಸಿನಲ್ಲೇ ಕೆಸರಿಗಿಳಿದವಳು, ಈಗ ನಾಟಿ ಹೆಂಗಸರ ಗುಂಪಿಗೆ ಮುಂದಾಳು. ಮಗಳ ಕಾಲಿಗೆ ಮಾತ್ರ ಈ ಕೆಸರು ಹತ್ತಬಾರದು ಎಂಬುದು ಅವಳ ಹಟ. ಬುತ್ತಿ ತಂದ ಹುಸ್ನಾಳನ್ನೂ ಬದುವಿನ ಮೇಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದಳು.

ಲಿಂಗಸುಗೂರಿನಲ್ಲಿ ಕಾಲೇಜು ಮುಗಿಸಿದ ಹುಸ್ನಾ ಫೋನಿನಲ್ಲೇ ಜಪಾನಿ ಕಲಿಯುತ್ತಿದ್ದಳು. ಸಂಜೆಯಾದರೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು, ಗೋಡೆಗೆ ಒರಗಿದ ಹುಸ್ನಾಳ ಪಾಠ. ಒಂದಿಷ್ಟು ದಿನವಂತೂ ಪಾಠದ ತುಂಬ ಎಲ್ಲಿಗೋ ಏನೋ ಮಾಡಲು ಹೋಗುವ ಮಾತೇ ಮಾತು. ಸಿನಿಮಾ ನೋಡಲು ಹೋಗುತ್ತೇನೆ, ಸಮುದ್ರಕ್ಕೆ ಈಜಲು ಹೋಗುತ್ತೇನೆ, ಹೂವು ನೋಡಲು ಹೋಗುತ್ತೇನೆ.

"ಅಮ್ಮೀ, ಅವರ ಮಾತೂ ನಮ್ಮಂಗ ಐತಿ. ನೋಡಾಕ ಅನ್ನೋದಕ್ಕ 'ಮಿ ನಿ', ಮಾಡಾಕ ಅನ್ನೋದಕ್ಕ 'ಶಿ ನಿ' ಅಂತಾರ. ಮೊದ್ಲ ಅದು, ಹೋಗೋದು ಕಡೀಗೆ."

"ಲಿಂಗಸುಗೂರ ದಾಟಿ ಹೋದಾಕಿ ಅಲ್ಲ, ದಿನಾ ಸಂಜಿಗೆ ಸಮುದ್ರಕ್ಕ ಹೊಂಟಾಳ ನನ್ನ ಬೇಟಿ!" ಎಂದು ಮೆಹರಬಾನು ನಗುತ್ತಿದ್ದಳು. "ಎಲ್ಲಾರೂ ತಿರಗಾಡಾಕ ಹೋಗ್ತಾರಲ್ಲ, ದುಡಿಯಾಕ ಯಾರೂ ಹೋಗಾಂಗಿಲ್ಲೇನು ಆ ದೇಶದಾಗ?"

ಈಗ ಅದೇ ಮಗಳು ಬದುವಿನ ಮೇಲೆ ದುಪಟ್ಟಾದ ಅಂಚು ತಿರುವುತ್ತ ನಿಂತಿದ್ದಳು. ಸಿದ್ದಲಿಂಗೇಶ ಗಡಿಯಾರ ನೋಡಿಕೊಂಡ. ಪಕ್ಕದ ಸಾಲಿನ ಕಸ್ತೂರೆಮ್ಮ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು. "ಅಷ್ಟು ದೂರದಿಂದ ಏನ್ ನೋಡಾಕ ಬಂದಾನವ್ವಾ ಈ ಮುದುಕ, ನಮ್ಮ ಕೆಸರಾ?"

ಮೆಹರಬಾನು ತಲೆ ಎತ್ತಿದಳು. "ಹುಸ್ನಾ, ಅವರು ಕೇಳಿದ್ದು ಬಿಡು. ನೀನ ಕೇಳು. ಏನ್ ಮಾಡಾಕ ಬಂದೀರಿ ಅಂತ ಕೇಳು. ದಿನಾ ಒಲಿ ಮುಂದ ಕುಂತು ಅದನ್ನ ಒದರ್ತಿದ್ದಿ ಹೌದಲ್ಲೋ?"

ಹುಸ್ನಾ ಮುದುಕನ ಕಡೆ ತಿರುಗಿದಳು. "ನಾನಿ ಓ ಶಿ ನಿ ಕಿಮಾಶಿತ ಕಾ?"

ಮುದುಕ ಹುಡುಗಿಯನ್ನು ನೋಡಿದ, ಗದ್ದೆಯನ್ನು ನೋಡಿದ. ಆಮೇಲೆ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿಟ್ಟ. "ತಾ‑ಉಎ ಓ, ಮಿ ನಿ." ತಲೆಯಾಡಿಸಿ ತನ್ನ ಮಾತನ್ನು ತಾನೇ ತಳ್ಳಿಹಾಕಿದ. ಹೆಬ್ಬೆರಳು ಮತ್ತು ಎರಡು ಬೆರಳು ಕೂಡಿಸಿ ಗಾಳಿಯಲ್ಲಿ ಏನನ್ನೋ ಊರಿ ತೋರಿಸಿದ. "ತಾ‑ಉಎ ಓ, ಶಿ ನಿ."

"ನಾಟಿ ನೋಡಾಕ ಬಂದೀನಿ ಅಂದ್ರು." ಹುಸ್ನಾ ತಿರುವುತ್ತಿದ್ದ ದುಪಟ್ಟಾ ಬಿಟ್ಟಳು. "ಆಮ್ಯಾಲ, ಅಲ್ಲಲ್ಲ, ನಾಟಿ ಮಾಡಾಕ ಬಂದೀನಿ ಅಂದ್ರು."

ಮೆಹರಬಾನು ನೆಟ್ಟಗೆ ಎದ್ದು ನಿಂತಳು. ತನ್ನ ರೊಟ್ಟಿ ಹಂಚಿನ ಪಕ್ಕದಲ್ಲಿ ಹುಟ್ಟಿದ ಮಾತು ಕಡಲಾಚೆಯವನೊಬ್ಬನಿಗೆ ಮುಟ್ಟಿತ್ತು, ಮುಟ್ಟಿ ತಿರುಗಿ ಬಂದಿತ್ತು. "ಯಾ ಅಲ್ಲಾ" ಎಂದಳು. ಕೈಯಲ್ಲಿದ್ದ ಸಸಿಯ ಕಟ್ಟು ಕೆಳಗೆ ಜಾರಿದ್ದು ಅವಳಿಗೆ ಗೊತ್ತಾಗಲಿಲ್ಲ.

ಮುದುಕ ಈಗ ನಿಧಾನವಾಗಿ ಹೇಳತೊಡಗಿದ. ಹುಸ್ನಾ ತಡವರಿಸುತ್ತ, ಎರಡೆರಡು ಸಲ ಕೇಳಿಕೊಳ್ಳುತ್ತ ಕನ್ನಡಕ್ಕೆ ತಂದಳು. ಅವನ ತಾಯಿಯೂ ನಾಟಿಗೆ ಹೋಗುತ್ತಿದ್ದಳಂತೆ. ಬಗ್ಗಿದ ಅವಳ ಬೆನ್ನು ಕಡೆತನಕ ನೆಟ್ಟಗಾಗಲೇ ಇಲ್ಲವಂತೆ. ಮಷಿನ್ ಮಾಡುವ ಕೆಲಸಕ್ಕೆ ಅವನು ಸೇರಿದ್ದು ಅದಕ್ಕೇ ಅಂತೆ. ಈಗ ಅವನ ಊರಿನಲ್ಲಿ ಕೈಯಿಂದ ಸಸಿ ಹಚ್ಚುವವರು ಒಬ್ಬರೂ ಇಲ್ಲವಂತೆ.

ಹೇಳಿ ಮುಗಿಸಿ ಬೂಟು ಕಳಚಿದ, ಪ್ಯಾಂಟು ಮಡಚಿದ. "ಬ್ಯಾಡ್ರೀ, ಜಾರಿ ಬಿದ್ರ ನನ್ನ ಕೊರಳಿಗೆ ಬರ್ತದ!" ಎಂದು ಸಿದ್ದಲಿಂಗೇಶ ಕೂಗಿಕೊಂಡ. ಮುದುಕ ಗದ್ದೆಯ ಕಡೆ ಮುಖಮಾಡಿ ಸೊಂಟದವರೆಗೆ ಬಾಗಿ ನಮಸ್ಕರಿಸಿದ. ಕಸ್ತೂರೆಮ್ಮ ದಿನವೂ ಇಳಿಯುವ ಮೊದಲು ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ, ಮೆಹರಬಾನು ಬಿಸ್ಮಿಲ್ಲಾ ಅನ್ನುತ್ತಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವನು ಬಂದು ಮೆಹರಬಾನುವಿನ ಎಡಕ್ಕೆ ನಿಂತ. ಕಟ್ಟು ಬಿಚ್ಚಿ, ನಾಲ್ಕು ಸಸಿ ಹೆಬ್ಬೆರಳಿನಿಂದ ಬೇರೆ ಮಾಡಿ ಊರಿದ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ, ಮತ್ತೆ ಊರಿದ. ಅಪರಿಚಿತ ಕೈಯಲ್ಲ ಅದು. ಸಾಲು ದಾರ ಹಿಡಿದಷ್ಟು ನೇರವಾಗಿ ಅವಳ ಸಾಲಿನ ಪಕ್ಕದಲ್ಲೇ ಬೆಳೆಯುತ್ತಿತ್ತು. ಬಗ್ಗಿದಲ್ಲಿಂದಲೇ ಅವಳನ್ನು ನೋಡಿ ಮೆಲ್ಲಗೆ ಏನೋ ಕೇಳಿದ.

ಹುಸ್ನಾ ಚಪ್ಪಲಿ ಬಿಟ್ಟಳು.

"ಏ, ಅಲ್ಲೇ ನಿಂದ್ರು! ಇಳೀಬ್ಯಾಡ!" ಮೆಹರಬಾನು ಚೀರಿದಳು.

"ಇಲ್ಲಿಂದ ಕೇಳಸಂಗಿಲ್ಲಮ್ಮೀ." ಅಷ್ಟರಲ್ಲಿ ಹುಸ್ನಾ ಕೆಸರಿನಲ್ಲಿದ್ದಳು. ಹೊಸ ಸಲ್ವಾರು ಮೊಣಕಾಲತನಕ ತೊಯ್ದಿತ್ತು. ತಾಯಿಗೂ ಮುದುಕನಿಗೂ ನಡುವೆ ಬಂದು ನಿಂತು ಕಿವಿಗೊಟ್ಟಳು.

"ಇರಲಿ ಬಿಡ್ರಿ, ಮೆಹರಬಾನು" ಎಂದ ಸಿದ್ದಲಿಂಗೇಶ, ಮೆತ್ತಗಾಗಿ. "ನಾಳಿಂದ ಅಂಗಡಿಗೆ ಬಾರವಾ ಹುಸ್ನಾ."

ಹುಸ್ನಾ ತಾಯಿಯ ಕಡೆ ತಿರುಗಿದಳು. "ಅಮ್ಮೀ, ನಿನ್ನ ಬೆನ್ನು ನೋಯ್ತದೇನು ಅಂತ ಕೇಳಾಕತ್ಯಾರ."

ಇಷ್ಟು ವರ್ಷ ಆ ಮಾತನ್ನು ಮೆಹರಬಾನುವಿಗೆ ಯಾರೂ ಕೇಳಿರಲಿಲ್ಲ. ಕೆಸರುಗೈಯಿಂದ ಮೂಗು ಒರೆಸಿಕೊಂಡಳು.

"ಹೂಂ ಅನ್ನು."

ಹುಸ್ನಾ ತಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ ಮುದುಕನ ಕಡೆ ತಿರುಗಿ ಸಣ್ಣದಾಗಿ "ಹಾಯ್" ಎಂದಳು. ಅದು ಅವರಲ್ಲಿ ಹೌದು ಅನ್ನುವ ಮಾತು. ಮುದುಕ ತಲೆಯಾಡಿಸಿ ಮತ್ತೆ ಬಗ್ಗಿದ.

ನೀರಿನಲ್ಲಿ ತೇಲುತ್ತಿದ್ದ ಸಸಿಯ ಕಟ್ಟನ್ನು ಹುಸ್ನಾ ಎತ್ತಿಕೊಂಡಳು. ಬಗ್ಗಿ ಒಂದನ್ನು ಊರಿದಳು, ಹಿಂದಕ್ಕೆ ಸರಿದಳು, ಇನ್ನೊಂದನ್ನು ಊರಿದಳು. ಎರಡು ನೇರ ಸಾಲುಗಳ ನಡುವೆ ಅವಳದು ಸೊಟ್ಟಗೆ ಹೋಗುತ್ತಿತ್ತು. ಅದನ್ನು ಕಿತ್ತು ನೆಟ್ಟಗೆ ಹಚ್ಚಲು ಮೆಹರಬಾನು ಕೈ ಚಾಚಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತನ್ನ ಸಾಲು ಹಿಡಿದಳು.