ಹೊಗೆಯಾಡದ ಮನೆ

ಆ ಊರಿನಲ್ಲಿ ಬೆಳಗೆಂದರೆ ಎದುರುಮನೆಯ ಹೊಗೆ. ಕಣ್ಣುಜ್ಜಿಕೊಂಡು ಅಡುಗೆಮನೆಯ ಕಿಟಕಿಗೆ ಬಂದರೆ ರಸ್ತೆಯಾಚೆ ಚೆನ್ನಾಜಮ್ಮನವರ ಮಾಡಿನ ಮೇಲೆ, ಹೊಗೆಗೂಡಿನ ಬಾಯಿಂದ ಮೊದಲು ಒಂದು ಬೂದು ಎಳೆ ಹೊರಬರುತ್ತಿತ್ತು. ತುಸು ತಡವರಿಸಿ, ಬಾಗಿ, ಆಮೇಲೆ ದಪ್ಪಗಾಗಿ ನೇರ ನಿಲ್ಲುತ್ತಿತ್ತು. ಅದು ನಿಂತಿತೆಂದರೆ ಚೆನ್ನಾಜಮ್ಮ ಎದ್ದಿದ್ದಾರೆ, ಸೌದೆ ಒಟ್ಟಿದ್ದಾರೆ, ಬಾಗಿ ಊದಿದ್ದಾರೆ ಎಂದು ಅರ್ಥ. ಅದೇ ಹೊತ್ತಿಗೆ ಅವರೂ ತಮ್ಮ ಕಿಟಕಿಯಿಂದ ನಮ್ಮ ಮಾಡನ್ನು ನೋಡುತ್ತಿದ್ದರು.

ವರ್ಷದ ಎಂಟು ತಿಂಗಳು ಚಳಿಯಲ್ಲೇ ಕಳೆಯುವ ಊರು ಅದು. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿದ್ದರೂ ಮೈ ಕಾಯಿಸಲು ನಡುಮನೆಯ ಅಗ್ಗಿಷ್ಟಿಕೆಯೇ ಗತಿ. ರಾತ್ರಿ ನಂದಿದ ಬೆಂಕಿಯನ್ನು ಬೆಳಗ್ಗೆ ಯಾರಾದರೂ ಹೊತ್ತಿಸಲೇಬೇಕು. ಹಾಲಿನವನು ಬಂದು ಹೋಗುವಷ್ಟರಲ್ಲಿ ಯಾವುದಾದರೂ ಮನೆಯ ಮೇಲೆ ಹೊಗೆ ಕಾಣದಿದ್ದರೆ, ನೆರೆಯವರು ಹೆಂಚಿನ ಚೂರೊಂದನ್ನು ಹಿಡಿದು ಆ ಮನೆಯ ಕದ ತಟ್ಟುತ್ತಿದ್ದರು. “ಒಂದು ಕೆಂಡ ಇದ್ರೆ ಕೊಡ್ತೀರಾ?” ಹೊಗೆಯಿಲ್ಲದ ಮನೆಯಲ್ಲಿ ಕೆಂಡವಿರುವುದಿಲ್ಲವೆಂದು ಕೇಳುವವರಿಗೂ ಗೊತ್ತು, ಕೇಳಿಸಿಕೊಳ್ಳುವವರಿಗೂ ಗೊತ್ತು. ಬದುಕಿದ್ದೀರಾ ಎಂದು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಜನ ಕಂಡುಕೊಂಡಿದ್ದ ದಾರಿ ಅದು.

ನಮ್ಮ ಮನೆಯಲ್ಲಿ ಇದ್ದದ್ದು ನಾನು ಮತ್ತು ಅಕ್ಕ. ಅವಳು ನನಗಿಂತ ಹದಿನೇಳು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ, ಓದಿಸಿ, ಕಾಲೇಜಿನಲ್ಲಿ ಪಾಠ ಹೇಳುವವಳನ್ನಾಗಿ ಮಾಡಿದವಳು. ನಲವತ್ತು ವರ್ಷ ದಿನವೂ ಬೆಳಗ್ಗೆ ಆ ಬೆಂಕಿಯನ್ನು ಊದಿ ಊದಿ ಅವಳ ಎದೆ ಕೆಟ್ಟಿತ್ತು. ಕೊನೆಕೊನೆಗೆ ದಿಂಬುಗಳನ್ನು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಮಲಗಿ ನಾನು ಅವಳ ಉಸಿರನ್ನು ಎಣಿಸುತ್ತಿದ್ದೆ. ಎರಡು ಉಸಿರುಗಳ ನಡುವೆ ಸ್ವಲ್ಪ ಹೆಚ್ಚು ಹೊತ್ತಾದರೆ ಎದ್ದು ಬಾಗಿಲ ಬಳಿ ಹೋಗಿ ನಿಲ್ಲುತ್ತಿದ್ದೆ. ಡಾಕ್ಟರು ಮಾತು ಬೆಳೆಸಲಿಲ್ಲ. “ಇವರು ಇರಬೇಕು ಅಂದ್ರೆ ಹೊಗೆ ಇರಬಾರದು. ಒಂದೇ ಮಾತು,” ಎಂದರು.

ಹೀಗೆ ಹೀಟ್ ಪಂಪಿನ ಮಾತು ಬಂತು. ಊರಿನಲ್ಲಿ ಆಗಷ್ಟೇ ಒಂದೆರಡು ವಸತಿಗೃಹಗಳಿಗೆ ಅದನ್ನು ಹಾಕಿದ್ದರು. ಹಾಕಿದವನು ಫ್ರಿಜ್ಜು ರಿಪೇರಿಯ ರುದ್ರೇಶಿ. ಅವನು ಬಂದು ನಮ್ಮ ಗೋಡೆಗಳನ್ನೆಲ್ಲ ತಟ್ಟಿ ನೋಡಿ, ಅಗ್ಗಿಷ್ಟಿಕೆಯ ಮುಂದೆ ಕೂತು ವಿವರಿಸಿದ.

“ಇದು ಶಾಖ ಹುಟ್ಸಲ್ಲ ಮೇಡಂ, ಎಳ್ಕೊಂಡು ಬರುತ್ತೆ. ಹೊರಗಿನ ಗಾಳೀಲಿ ಇರೋ ಬಿಸೀನ ಒಳಗೆ ತಂದು ಹಾಕುತ್ತೆ. ಫ್ರಿಜ್ಜು ಮಾಡೋ ಕೆಲ್ಸಾನೇ, ಉಲ್ಟಾ ಅಷ್ಟೆ.”

ನಮ್ಮ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ಚೆನ್ನಾಜಮ್ಮ ಬಾಯಿ ಹಾಕಿದರು. “ಹೊರಗೆ ಬಿಸಿ ಎಲ್ಲಿದೆಯೋ ಮಾರಾಯ? ಇದ್ದಿದ್ರೆ ನಾನ್ಯಾಕೆ ಮೂರು ಸ್ವೆಟರು ಹಾಕ್ಕೊಂಡು ನಿಲ್ತಿದ್ದೆ?”

“ನಿಮಗೆ ಕಾಣಲ್ಲ ಅಮ್ಮಾ, ಯಂತ್ರಕ್ಕೆ ಕಾಣುತ್ತೆ.”

“ಆಯ್ತಪ್ಪ. ನಿನ್ನ ಯಂತ್ರಕ್ಕೆ ನನಗಿಂತ ಕಣ್ಣು ಚೆನ್ನಾಗಿದೆ.”

ನಾನು ಸುಲಭವಾಗಿ ಒಪ್ಪುವವಳಲ್ಲ. ಯಾವ ಕೆಲಸಕ್ಕೂ ಮುಂಚೆ ಹಾಳೆಯೊಂದನ್ನು ನಡುವೆ ಮಡಿಸಿ, ಎಡಕ್ಕೆ ಒಳಿತು, ಬಲಕ್ಕೆ ಕೆಡುಕು ಬರೆಯುವುದು ನನ್ನ ಅಭ್ಯಾಸ. ಹೊಗೆಯಿಲ್ಲ, ಬೂದಿಯಿಲ್ಲ, ಸೌದೆ ಹೊರಬೇಕಿಲ್ಲ, ಸುರುಳಿ ಹೀಟರಿಗೆ ಬೇಕಾಗುವುದರ ಮೂರನೇ ಒಂದು ಪಾಲು ಕರೆಂಟು ಸಾಕು, ಇಡೀ ಮನೆ ಒಂದೇ ಹದಕ್ಕೆ ಬೆಚ್ಚಗಿರುತ್ತದೆ ಎಂದು ಎಡಕ್ಕೆ ಬರೆದೆ. ಬಲಗಡೆ ಹಾಕಿಸುವ ಖರ್ಚು, ಕರೆಂಟು ಹೋದರೆ ಚಳಿ, ಸದಾ ಒಂದು ಗುಂಯ್ ಸದ್ದು, ಬೆಂಕಿಯಂತೆ ಅಂಗೈ ಚಾಚಿ ಕೂರುವ ಸುಖವಿಲ್ಲ ಎಂದು ಬರೆದೆ. ರುದ್ರೇಶಿ ಇನ್ನೂ ಎರಡು ಸೇರಿಸಿದ. ಕಡುಚಳಿಯಲ್ಲಿ ಹೊರಗಿನ ಪೆಟ್ಟಿಗೆಯ ಮೇಲೆ ಹಿಮ ಕಟ್ಟುತ್ತದೆ. ಆಗ ಯಂತ್ರ ಹತ್ತು ನಿಮಿಷ ಮನೆ ಕಾಯಿಸುವುದು ಬಿಟ್ಟು ತನ್ನ ಮೈಮೇಲಿನ ಹಿಮವನ್ನೇ ಕರಗಿಸಿಕೊಳ್ಳುತ್ತದೆ. ಮತ್ತೆ, ಈ ಹಳೇ ಮನೆಯ ಕಿಟಕಿ ಬಾಗಿಲುಗಳ ಸಂದೆಲ್ಲ ಮುಚ್ಚದಿದ್ದರೆ ಬಂದ ಶಾಖ ಹಾಗೇ ಸೋರಿಹೋಗುತ್ತದೆ. ಅವನ್ನೂ ಬರೆದುಕೊಂಡೆ. ಹಾಳೆಯನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಏನೋ ಬಿಟ್ಟುಹೋಗಿದೆ ಎನ್ನಿಸುತ್ತಲೇ ಇತ್ತು. ಆದರೆ ನನಗೆ ಯಾವಾಗಲೂ ಹಾಗೇ ಅನ್ನಿಸುತ್ತಿತ್ತಾದ್ದರಿಂದ ಅದಕ್ಕೆ ಬೆಲೆ ಕೊಡಲಿಲ್ಲ.

ಚಳಿಗಾಲ ಶುರುವಾಗುವ ಮುನ್ನ ಯಂತ್ರ ಬಂತು. ರಸ್ತೆಯ ಕಡೆಯ ಗೋಡೆಗೆ ಹೊರಗಿನ ಪೆಟ್ಟಿಗೆ ಕೂತಿತು. ಕಿಟಕಿಗಳ ಅಂಚಿಗೆಲ್ಲ ರಬ್ಬರ್ ಪಟ್ಟಿ ಬಂತು. ಹೊಗೆಗೂಡಿನ ಬಾಯಿಗೆ ತಗಡು ಹೊಚ್ಚಿ ಸಿಮೆಂಟು ಬಳಿದರು.

ಮಾರನೆಯ ಬೆಳಗ್ಗೆ ಏಳು ಗಂಟೆಗೆ ಕದ ತಟ್ಟಿದ ಸದ್ದು. ತೆರೆದರೆ ಹೆಂಚಿನ ಚೂರು ಹಿಡಿದು ಮೂರು ಜನ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಚೆನ್ನಾಜಮ್ಮ.

“ಒಂದು ಕೆಂಡ...” ಎಂದವರು ನನ್ನ ಹಿಂದೆ ಗೋಡೆಯ ಮೇಲೆ ಮಿಣುಕುತ್ತಿದ್ದ ಹಸಿರು ದೀಪವನ್ನು ನೋಡಿ ಹಣೆ ಬಡಿದುಕೊಂಡರು. “ಅಯ್ಯೋ ನನ್ನ ಬುದ್ಧಿಗಿಷ್ಟು! ನಿನ್ನೆ ಇಡೀ ದಿನ ಇಲ್ಲೇ ನಿಂತು ನೋಡಿದ್ದೀನಿ.”

ಅಕ್ಕ ಒಳಗಿನಿಂದ ನಕ್ಕಳು. ಕೆಮ್ಮು ಬರದಂತೆ ಅವಳು ನಕ್ಕದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು. “ಕೆಂಡ ಇಲ್ಲ ಕಣೇ ಚೆನ್ನಿ, ಕಾಫಿ ಇದೆ. ಬಾ,” ಎಂದಳು.

ಹದಿನೈದು ದಿನಗಳಲ್ಲಿ ಅವಳು ಒಂದೇ ದಿಂಬಿಗೆ ಇಳಿದಳು. ರಾತ್ರಿ ಉಸಿರು ನಿಧಾನವಾಗಿ, ಸದ್ದಿಲ್ಲದೆ ಬರತೊಡಗಿತು. ಸದ್ದಿಲ್ಲದ ಉಸಿರನ್ನು ಗೋಡೆಯಾಚೆಯಿಂದ ಎಣಿಸಲಾಗದೆ ನಾನು ಮೊದಲಿಗಿಂತ ಹೆಚ್ಚು ಸಲ ಏಳುತ್ತಿದ್ದೆ. ಯಂತ್ರದ ಸದ್ದು ನಿಂತರೆ ಕೆಟ್ಟಿತೇ ಎಂದು ಕಳವಳ. ನಿಲ್ಲದಿದ್ದರೆ ಯಾಕೆ ನಿಲ್ಲುತ್ತಿಲ್ಲ ಎಂದು ಕಳವಳ. “ಯಂತ್ರಕ್ಕೂ ನಿನಗೂ ಏನೇ ವ್ಯತ್ಯಾಸ? ಎರಡೂ ಇಡೀ ರಾತ್ರಿ ಗುಂಯ್ ಅಂತೀರಿ,” ಎಂದು ಅಕ್ಕ ಗದರಿದಳು. ಕೆಂಡ ಕೇಳಿ ಬರುವವರು ಒಂದು ವಾರದಲ್ಲೇ ನಿಂತುಹೋಗಿದ್ದರು. ನಮ್ಮ ಮಾಡನ್ನು ನೋಡಿ ಪ್ರಯೋಜನವಿಲ್ಲವೆಂದು ಬೀದಿಗೆ ಅಭ್ಯಾಸವಾಗಿತ್ತು.

ಮೊದಲ ಇಬ್ಬನಿ ಹೆಪ್ಪುಗಟ್ಟಿದ ಬೆಳಗ್ಗೆ ಚೆನ್ನಾಜಮ್ಮ ರಸ್ತೆಯಿಂದಲೇ ಅಕ್ಕನನ್ನೂ ನನ್ನನ್ನೂ ಕೂಗಿದರು. “ಪದ್ದೀ! ಮೇಡಮ್ಮೂ! ನಿಮ್ಮನೆ ಹೊಗೆ ಮತ್ತೆ ಬಂತು ಕಣ್ರೇ!”

ಹೊರಗೆ ಹೋಗಿ ನೋಡಿದೆ. ಪೆಟ್ಟಿಗೆ ತನ್ನ ಮೇಲಿನ ಹಿಮ ಕರಗಿಸಿಕೊಳ್ಳುತ್ತಿತ್ತು. ಅದರಿಂದ ಬಿಳಿಯ ಆವಿ ದಟ್ಟವಾಗಿ ಎದ್ದು ಮಾಡಿನವರೆಗೂ ಏರುತ್ತಿತ್ತು.

“ಅದು ಹೊಗೆಯಲ್ಲ ಚೆನ್ನಕ್ಕ, ಅದು...” ಎಂದು ಶುರುಮಾಡಿದೆ. ಆದರೆ ಅವರ ಮುಖ ನೋಡಿದೆ. ಎಷ್ಟೋ ದಿನಗಳಿಂದ ಕಳೆದುಹೋಗಿದ್ದ ವಸ್ತು ಸಿಕ್ಕಿದವರಂತೆ ನಿಂತಿದ್ದರು.

“ಏನೋ ಒಂದು. ಬೆಳಗ್ಗೆ ಎದ್ದು ನೋಡಕ್ಕೆ ಒಂದು ಸಿಕ್ತಲ್ಲ,” ಎಂದರು. “ನಿಮ್ಮ ಮಾಡು ಬೋಳಾಗಿರೋದನ್ನ ದಿನಾ ನೋಡಕ್ಕೇ ಆಗ್ತಿರಲಿಲ್ಲ ನನಗೆ.”

ಪದಗಳನ್ನು ತೂಗಿ ಆಡುವವಳು ನಾನು. ವಿದ್ಯಾರ್ಥಿಗಳ ಒಂದು ತಪ್ಪು ಪದವನ್ನೂ ಬಿಡುವವಳಲ್ಲ. ಹೊಗೆಗೆ ಒಬ್ಬರ ಕೈ ಬೇಕು, ಈ ಆವಿಗೆ ಯಾರೂ ಬೇಡ, ಮನೆಯಲ್ಲಿ ಯಾರಿಲ್ಲದಿದ್ದರೂ ಇದು ಏಳುತ್ತದೆ ಎಂದು ಆಗ ಹೇಳಬೇಕಿತ್ತು. ಎರಡು ಮಾತಿನ ವಿಷಯ. ನಾನು ನಕ್ಕು ಒಳಗೆ ಬಂದೆ.

ಚಳಿ ಗಡುಸಾದ ತಿಂಗಳಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾನು ಬೇರೆ ಊರಿಗೆ ನಾಲ್ಕು ದಿನ ಹೋಗಬೇಕಾಯಿತು. ಹೊರಡುವಾಗ ಮನೆಯ ಇನ್ನೊಂದು ಕೀಲಿಕೈಯನ್ನು ಚೆನ್ನಾಜಮ್ಮನವರ ಕೈಗಿಟ್ಟು, “ಸ್ವಲ್ಪ ನೋಡ್ಕೊಳ್ಳಿ ಚೆನ್ನಕ್ಕ,” ಎಂದೆ.

“ನೋಡದೆ ಇರ್ತೀನೇನೇ? ಕಿಟಕಿ ಇರೋದ್ಯಾಕೆ? ಹೋಗಿ ಮಕ್ಕಳಿಗೆ ನಾಲ್ಕು ಮಾರ್ಕು ಜಾಸ್ತಿ ಹಾಕು.”

ದಿನಕ್ಕೆ ಎರಡು ಹೊತ್ತು ಫೋನು ಮಾಡುತ್ತಿದ್ದೆ. ಮೂರನೆಯ ದಿನ ಬೆಳಗ್ಗೆ ಅಕ್ಕ ಫೋನು ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಕೊನೆಗೆ ಚೆನ್ನಾಜಮ್ಮನವರಿಗೆ ಮಾಡಿದೆ.

“ಗಾಬರಿ ಮಾಡ್ಕೋಬೇಡ,” ಎಂದರು ಅವರು. “ಸ್ನಾನಕ್ಕೆ ಹೋಗಿರ್ತಾಳೆ. ಈಗಷ್ಟೇ ನೋಡ್ದೆ, ನಿಮ್ಮನೆ ಹೊಗೆ ಜೋರಾಗಿ ಬರ್ತಿದೆ. ಎದ್ದಿದ್ದಾಳೆ ಅವಳು.”

ಒಂದು ಕ್ಷಣ ನನಗೂ ಸಮಾಧಾನವಾಯಿತು. ಆ ಒಂದು ಕ್ಷಣವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಆಮೇಲೆ ಆ ಬಿಳಿಯ ಆವಿ ನೆನಪಾಯಿತು.

“ಚೆನ್ನಕ್ಕ, ಅದು ಹೊಗೆಯಲ್ಲ. ಅದನ್ನ ಯಾರೂ ಹೊತ್ಸಲ್ಲ. ತಾನಾಗೇ ಬರುತ್ತೆ. ಬೇಗ ಹೋಗಿ ಬಾಗಿಲು ತೆಗೀರಿ.”

ಅವರು ಫೋನು ಕೆಳಗಿಡಲೂ ಇಲ್ಲ. ಅದನ್ನು ಹಾಗೇ ಬಿಟ್ಟು ಓಡುವ ಅವರ ಚಪ್ಪಲಿಯ ಸದ್ದು ಮಾತ್ರ ಕೇಳಿಸಿತು.

ಅಕ್ಕ ಹಿಂದಿನ ಸಂಜೆ, ನನ್ನ ಫೋನು ಇಟ್ಟ ಸ್ವಲ್ಪ ಹೊತ್ತಿಗೇ ಬಚ್ಚಲಿನ ಹೊಸ್ತಿಲು ಎಡವಿ ಬಿದ್ದಿದ್ದಳು. ಸೊಂಟದ ಮೂಳೆ ಮುರಿದಿತ್ತು. ಹನ್ನೆರಡು ಗಂಟೆಗಳ ಕಾಲ ಬರೀ ನೆಲದ ಮೇಲಿದ್ದಳು. ಕೂಗಿದ್ದಳು, ಆದರೆ ನಾವು ಶಾಖ ಸೋರದಂತೆ ರಬ್ಬರ್ ಹಚ್ಚಿ ಬಿಗಿದಿದ್ದ ಕಿಟಕಿಗಳು ಅವಳ ದನಿಯನ್ನೂ ಸೋರಲು ಬಿಟ್ಟಿರಲಿಲ್ಲ. ಹಳೆಯ ಮನೆಯಾಗಿದ್ದರೆ ಎದುರುಮನೆಗೆ ಕೆಮ್ಮಿದ್ದೂ ಕೇಳಿಸುತ್ತಿತ್ತು.

ಬಸ್ಸಿಳಿದು ನೇರ ಆಸ್ಪತ್ರೆಗೆ ಹೋದೆ. ಅವಳು ನನ್ನನ್ನು ನೋಡಿ, “ಪೇಪರು ಪೂರ್ತಿ ಮುಗಿಸಿದ್ಯೇನೇ?” ಎಂದಳು. ನಾನು ಹೊರಗೆ ಬಂದು ಡಾಕ್ಟರಿಗೆ, ಆ ಯಂತ್ರವನ್ನು ನಾಳೆಯೇ ಕೀಳಿಸುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಆ ರಾತ್ರಿ ಹೊರಗೆ ನೀರು ಹೆಪ್ಪುಗಟ್ಟಿತ್ತು. ಬೆಂಕಿ ನಂದಿಹೋದ ಮನೇಲಿ, ಆ ಎದೆ ಇಟ್ಕೊಂಡು ಇವರು ನೆಲದ ಮೇಲೆ ಬೆಳಗಿನವರೆಗೂ ಇದ್ದಿದ್ರೆ ನಾವು ಈ ಮಾತು ಆಡ್ತಿರಲಿಲ್ಲ. ಮನೆ ಬೆಚ್ಚಗಿತ್ತು ಅಂತ ಉಳಿದಿದ್ದಾರೆ.”

ಮಡಿಸಿದ ಹಾಳೆಯ ಯಾವ ಕಡೆಗೆ ಇದನ್ನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಆರು ವಾರಗಳ ನಂತರ ಅಕ್ಕನನ್ನು ಮನೆಗೆ ಕರೆತಂದೆವು. ಎದುರುಮನೆಯ ಹೊಗೆ ದಿನವೂ ಏಳುತ್ತಿತ್ತು. ಆದರೆ ಕಿಟಕಿಗೆ ದಪ್ಪ ಪರದೆ ಬಿದ್ದಿತ್ತು. ಚೆನ್ನಾಜಮ್ಮ ಆಸ್ಪತ್ರೆಗೂ ಒಂದೇ ಸಲ ಬಂದು, ಬಾಗಿಲಲ್ಲೇ ನಿಂತು ಹೋಗಿದ್ದರು. ನಾನೇ ಅವರ ಮನೆಗೆ ಹೋದೆ.

“ತಪ್ಪು ನನ್ನದು ಚೆನ್ನಕ್ಕ. ಅವತ್ತೇ ಹೇಳ್ಬೇಕಿತ್ತು.”

ಅವರು ಅಗ್ಗಿಷ್ಟಿಕೆಯ ಬೂದಿಯನ್ನು ಕೆದಕುತ್ತ ಕೂತಿದ್ದರು. ತಲೆ ಎತ್ತಲಿಲ್ಲ. “ಊರಿಗೆಲ್ಲ ಪಾಠ ಹೇಳೋ ಬಾಯಿ. ಅವತ್ತೊಂದು ದಿನ ಯಾಕಮ್ಮ ಮುಚ್ಕೊಂಡಿತ್ತು?” ಎಂದರು. ಬೂದಿಯನ್ನು ಒಂದು ಪಕ್ಕಕ್ಕೆ ಒಟ್ಟಿ, “ನಾನು ಕಾಫಿ ಕುಡೀತಾ ಅದನ್ನ ನೋಡ್ತಾ ಕೂತಿದ್ದೆ ಕಣೇ. ಅವಳು ಅಲ್ಲಿ ಬಿದ್ದಿದ್ಲು. ನಾನು ಕಾಫಿ ಕುಡೀತಿದ್ದೆ,” ಎಂದರು.

ಹೊಗೆಗೂಡಿನ ತಗಡು ತೆಗೆಸಲೇ ಎಂದು ಆ ರಾತ್ರಿ ಅಕ್ಕನನ್ನು ಕೇಳಿದೆ. “ತೆಗ್ಸಿದ್ರೆ ನಾನು ಉಸಿರಾಡೋದು ಎಲ್ಲಿಂದ?” ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಒಂದೇ ದಿಂಬಿನ ಮೇಲೆ.

ಮಾರನೆಯ ಬೆಳಗ್ಗೆ ಹಾಲಿನವನು ಹೋದ ಮೇಲೆ ಕದ ತಟ್ಟಿದ ಸದ್ದಾಯಿತು. ಚೆನ್ನಾಜಮ್ಮ ನಿಂತಿದ್ದರು. ಕೈಯಲ್ಲಿ ಹೆಂಚಿನ ಚೂರು.

“ಒಂದು ಕೆಂಡ ಇದ್ರೆ ಕೊಡ್ತೀರಾ?”

ನನ್ನನ್ನು ದಾಟಿ ಅವರು ಒಳಗಿನ ಕೋಣೆಯ ಕಡೆಗೇ ನೋಡುತ್ತಿದ್ದರು. ಉತ್ತರ ಕೊಡಬೇಕಾದವಳು ನಾನಲ್ಲವೆಂದು ತಿಳಿದು ಪಕ್ಕಕ್ಕೆ ಸರಿದೆ.

“ಇಲ್ಲ ಕಣೇ ಚೆನ್ನಿ,” ಎಂದಿತು ಒಳಗಿನಿಂದ ಅಕ್ಕನ ದನಿ. “ನಮ್ಮನೇಲಿ ಬೆಂಕಿ ಎಲ್ಲಿದೆ?”

“ಸರಿ ಬಿಡು ಹಂಗಾದ್ರೆ,” ಎಂದು ಚೆನ್ನಾಜಮ್ಮ ತಿರುಗಿ ಹೊರಟರು.

ಅಂದಿನಿಂದ ನಾವು ಆ ಊರಿನಲ್ಲಿ ಇದ್ದಷ್ಟು ವರ್ಷವೂ ಅವರು ದಿನಾ ಬಂದರು, ಅದೇ ಮಾತು ಕೇಳಿದರು, ಇಲ್ಲವೆನ್ನಿಸಿಕೊಂಡು ಹೋದರು. ಕಡುಚಳಿಯ ದಿನಗಳಲ್ಲಿ ಒಮ್ಮೊಮ್ಮೆ ಅವರು ಹಿಂದಿರುಗುವ ಹೊತ್ತಿಗೆ ಸರಿಯಾಗಿ ಪೆಟ್ಟಿಗೆಯಿಂದ ಆವಿ ಏಳುತ್ತಿತ್ತು. ಖಾಲಿ ಹೆಂಚಿನ ಚೂರು ಹಿಡಿದ ಅವರು ಆ ಬಿಳುಪಿನೊಳಗೆ ಹೆಜ್ಜೆಯಿಟ್ಟು ಮರೆಯಾಗುತ್ತಿದ್ದರು. ರಸ್ತೆಯ ಆಚೆ ಬದಿಯಲ್ಲಿ, ಅವರದೇ ಹೊಗೆಯ ಕೆಳಗೆ, ಮತ್ತೆ ಕಾಣಿಸಿಕೊಳ್ಳುವವರೆಗೂ ನಾನು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.