ಕಾಲಿಗೆ ಬಾಯಿಪಾಠವಾದ ದಾರಿ

ಮಂಜು ಇನ್ನೂ ಹುಲ್ಲಿನ ಮೇಲೇ ಮಲಗಿತ್ತು. ನಾಂತ್‌ವೆನ್ ಹಳ್ಳಿಯವರು ಶನಿವಾರದ ನಡಿಗೆಗೆ ಸೇರಿದ್ದರು. ಯಾರೂ ನಡೆಯದ ಕಾಲುದಾರಿಯನ್ನು ಮೊದಲು ಮುಳ್ಳು ತಿನ್ನುತ್ತದೆ, ಆಮೇಲೆ ಬೇಲಿ ತಿನ್ನುತ್ತದೆ. ವೇಲ್ಸಿನ ಆ ಗುಡ್ಡಗಳಲ್ಲಿ ಇದು ಎಲ್ಲರಿಗೂ ಗೊತ್ತು. ಅದಕ್ಕೇ ಸರದಿಯಂತೆ ಒಂದೊಂದು ದಾರಿಯನ್ನು ಊರೇ ಕೂಡಿ ತುಳಿದು ಬರುತ್ತಿತ್ತು.

ಇವತ್ತಿನದು ಗೆತಿನ್‌ನ ಹುಲ್ಲುಗಾವಲು ದಾಟಿ, ತೊರೆಯಾಚೆಯ ಪ್ರಾರ್ಥನಾ ಮಂದಿರಕ್ಕೆ ಹೋಗುವ ದಾರಿ. ಅಪ್ಪ ಎಮ್ರಿಸ್ ತೀರಿಕೊಂಡ ಮೇಲೆ ಗೆತಿನ್ ಗೇಟಿಗೆ ಬೀಗ ಜಡಿದಿದ್ದ. ದಾರಿ ಊರಿನದೋ ಅವನದೋ ಎಂದು ವಿಚಾರಿಸಲು ಸರ್ಕಾರಿ ಕಚೇರಿಯ ಹೆಂಗಸೊಬ್ಬಳು ಬಂದಿದ್ದಳು.

ನಡಿಗೆಗೆ ಬಂದಿದ್ದ ವಯಸ್ಸಾದ ಓಲ್ವೆನ್ ಬೀಗವನ್ನೇ ನೋಡುತ್ತ ನಿಂತಳು. ಭಾನುವಾರ ಮಂದಿರದಲ್ಲಿ ಒಪ್ಪಿಸಬೇಕಾದ ಬೈಬಲ್ ವಚನಗಳನ್ನು ಹುಡುಗಿಯಾಗಿದ್ದಾಗ ಈ ದಾರಿಯಲ್ಲೇ ಗುನುಗಿ ಗುನುಗಿ ಬಾಯಿಪಾಠ ಮಾಡಿದವಳು. ಮುಳ್ಳುಪೊದೆಯ ತಿರುವಿಗೊಂದು ವಚನ, ಬಗ್ಗಿದ ಮರಕ್ಕೊಂದು, ತೊರೆಯ ಹಾಸುಗಲ್ಲಿಗೊಂದು. ಈಗ ನೆನಪು ಸೋರುತ್ತಿದೆ. ಮನೆಯಲ್ಲಿ ಒಲೆಯ ಮುಂದೆ ಕೂತರೆ ಒಂದೂ ನಾಲಿಗೆಗೆ ಬಾರದು. ಇಲ್ಲಿ ಹೆಜ್ಜೆಯಿಟ್ಟರೆ ಸಾಕು, ನೆಲದಿಂದ ಮಂಜು ಏಳುವಂತೆ ಪದಕ್ಕೆ ಪದ ಎದ್ದು ಬರುತ್ತದೆ. ದಾರಿ ಹೋದರೆ ಅವೂ ಹೋದಂತೆಯೇ.

"ಇಪ್ಪತ್ತು ವರ್ಷ ಜನ ರಾಜಾರೋಷವಾಗಿ, ಯಾರ ಅಪ್ಪಣೆಯನ್ನೂ ಕೇಳದೆ ಓಡಾಡಿದ್ರೆ ದಾರಿ ಊರಿಂದು," ಎಂದಳು ಕಚೇರಿಯವಳು. "ಕೇಳಿ ನಡೆದಿದ್ರೆ ಅದು ಯಜಮಾನರ ದೊಡ್ಡತನ ಅಷ್ಟೆ. ಬೇಡ ಅನ್ಸಿದ್ರೆ ನಿಲ್ಲಿಸ್ಬೋದು. ಯಾರಾದ್ರೂ ಕೇಳಿದ್ದುಂಟಾ?"

"ನಮ್ಮೂರಲ್ಲಿ ಅಷ್ಟು ನಯ ನಾಜೂಕಿನೋರು ಯಾರಿದಾರಮ್ಮಾ!" ಎಂದ, ನಡಿಗೆಯ ಮುಂದಾಳು ಇಡ್ವಾಲ್. ಎಲ್ಲರೂ ನಕ್ಕರು.

ಓಲ್ವೆನ್ ನಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಕೇಳ್ತಿದ್ದೆ," ಎಂದಳು. "ಎಮ್ರಿಸ್ ಗೇಟಿನ ಹತ್ರ ಇದ್ದಾಗೆಲ್ಲ, ದಾಟಲಾ ಅಂತ ಕೇಳೇ ದಾಟ್ತಿದ್ದೆ."

"ಅಯ್ಯೋ ಪುಣ್ಯಾತ್ಗಿತ್ತೀ! ನಿನ್ನ ಮರ್ಯಾದೇಲಿ ಊರೇ ಮುಳುಗ್ತಲ್ಲೇ!"

"ಮಂದಿರದ ದಾರೀಲೇ ನಿಂತ್ಕೊಂಡು ಸುಳ್ಳು ಹೇಳ್ಲೇನೋ ಇಡ್ವಾಲ್?"

ಗೇಟಿನಾಚೆ ನಿಂತಿದ್ದ ಗೆತಿನ್ ನಿರಾಳವಾಗಿ ಉಸಿರುಬಿಟ್ಟ. ತಾನೇ ಕೈಯಾರೆ ದಾರಿಗೆ ಮಣ್ಣು ಹಾಕಿದೆನಲ್ಲ ಎಂದು ಓಲ್ವೆನ್ ಗೇಟಿನಿಂದ ಹಿಂದೆ ಸರಿದಳು.

"ಅದಕ್ಕೆ ಅವ್ರು ಏನಂತಿದ್ರು?" ಕಚೇರಿಯವಳು ಮೆತ್ತಗೆ ಕೇಳಿದಳು.

ಓಲ್ವೆನ್ ಕಣ್ಣು ಮುಚ್ಚಿದಳು. ವಚನ ಒಪ್ಪಿಸುವಂತೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಮ್ರಿಸ್‌ನ ದನಿಯ ಏರಿಳಿತದಲ್ಲೇ ಹೇಳಿದಳು: "ನನ್ನ್ಯಾಕೆ ಕೇಳ್ತೀಯೇ ಹುಡುಗೀ. ದಾರಿ ನಂದಲ್ಲ, ನಮ್ಮಪ್ಪಂದೂ ಅಲ್ಲ. ಊರಿಂದನ್ನ ನಾನು ಹೆಂಗೆ ಕೊಡ್ಲಿ?"

ಮಂಜಿನೊಳಗೆಲ್ಲೋ ಕುರಿಮರಿಯೊಂದು ಅರಚಿತು. ಕಚೇರಿಯವಳು ಗೆತಿನ್‌ನತ್ತ ತಿರುಗಿದಳು. "ಯಜಮಾನರೇ ದಾರಿ ತಮ್ಮದಲ್ಲ ಅಂದಿದ್ರೆ, ಇವ್ರು ಕೇಳಿದ್ದು ಅಪ್ಪಣೆ ಆಗಲ್ಲ. ನೀವೇನಂತೀರಿ?"

ಗೆತಿನ್ ಗೇಟಿನ ಮೇಲೆ ಕೈಯೂರಿದ. ಅಪ್ಪ ಹಾಗಂದೇ ಇಲ್ಲ ಎಂದುಬಿಟ್ಟರೆ ಮುಗಿಯಿತು. ಆದರೆ ಆ ದನಿ ಅವನ ಕಿವಿಯಲ್ಲಿ ಕೂತುಬಿಟ್ಟಿತ್ತು.

"ಅಪ್ಪನ ಮಾತೇ," ಎಂದ. "ಹಂಗೇ ಎಳೆದು ಎಳೆದು ಮಾತಾಡ್ತಿದ್ದ."

ಕೀಲಿ ತಂದು ಬೀಗ ತೆಗೆದ. ಇಡ್ವಾಲ್ ಟೋಪಿ ತೆಗೆದು ಓಲ್ವೆನ್‌ಗೆ ಮುಂದಿನ ಜಾಗ ಬಿಟ್ಟುಕೊಟ್ಟ. ಅವಳು ಒದ್ದೆ ಹುಲ್ಲಿಗೆ ಕಾಲಿಟ್ಟಳು. ಗೆತಿನ್ ಅವಳ ಪಕ್ಕಕ್ಕೆ ಬಂದು, ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದ.

"ಓಲ್ವೆನ್ ಆಂಟಿ," ಎಂದ ಸ್ವಲ್ಪ ದೂರ ಹೋದ ಮೇಲೆ, "ಅಪ್ಪ ಇನ್ನೇನೇನು ಹೇಳ್ತಿದ್ದ?"