ಮೂರು ತಿಂಗಳ ಗುಳಿಗೆ

"ಏಯ್ ಸೂಳೆಮುಂಡೆ, ತಿಂಗಳೆಲ್ಲಾ ಮುಟ್ಟು ಯಾವಳಿಗೆ ಆಯ್ತದೆ? ಏಣಿ ಹತ್ತೇ!"

ಮೇಸ್ತ್ರಿ ಶಾಧ್ಲಿಯ ಕೂಗು ಆಲಿವ್ ತೋಪಿಗೆಲ್ಲ ಕೇಳಿಸಿತು. ಸಾಸಿಯಾ ಏಣಿಯ ಬುಡದಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು. ಕಾಯಿ ಬಾಚಿ ಉದುರಿಸಲು ಬೆರಳಿಗೆ ಸಿಕ್ಕಿಸಿಕೊಂಡಿದ್ದ ಆಡಿನ ಕೊಂಬುಗಳನ್ನು ನಾನೇ ಬಿಚ್ಚಿದೆ. ರಕ್ತ ಅವಳ ರಬ್ಬರ್ ಬೂಟಿನೊಳಗೆ ಇಳಿದಿತ್ತು.

ಪಕ್ಕದ ಮನೆಯವಳೆಂದು ಕೈರುವಾನ್ ಪಟ್ಟಣದ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಅವಳ ಗಂಡ ಮೊಂಜಿಯ ಮುಖ ನೋಡಿಕೊಂಡೇ ಮಾತಾಡಿದರು.

"ಗರ್ಭಕೋಶದ ಕ್ಯಾನ್ಸರ್. ಇನ್ನೂ ಶುರುವಿನಲ್ಲಿದೆ. ಗರ್ಭಕೋಶ ತೆಗೆದುಬಿಡೋಣ. ಇಲ್ಲಿ ಸಹಿ ಹಾಕಪ್ಪ."

"ಆಮ್ಯಾಕೆ ಮಕ್ಕಳು?" ಸಾಸಿಯಾ ಕೇಳಿದಳು.

"ಆಗಲ್ಲ. ಈಗೆಷ್ಟಿದಾವೆ? ಐದೋ, ಆರೋ?"

"ಒಂದೂ ಇಲ್ಲ."

ಡಾಕ್ಟರು ಆಗ ಅವಳ ಕಡೆ ತಿರುಗಿದರು. "ಗುಳಿಗೆ ಇದೆ. ಗುಣ ಕಂಡರೆ ಮಗುವಿಗೆ ಪ್ರಯತ್ನಿಸಬಹುದು. ಕಾಣದೆಯೂ ಇರಬಹುದು, ಜೀವಕ್ಕೇ ಕುತ್ತು ಬರಬಹುದು. ಮೂರು ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷೆ ಮಾಡಿಸಬೇಕು. ಕೂಲಿ ಹೆಂಗಸರು ನೀವೆಲ್ಲಿ ಬರ್ತೀರಿ?"

ಮೊಂಜಿ ಪೆನ್ನು ಎತ್ತಿಕೊಂಡ. "ನೀನು ಬದುಕಿದ್ರೆ ಸಾಕು ಕಣೇ."

ಸಾಸಿಯಾ ಪೆನ್ನು ಕಿತ್ತುಕೊಂಡಳು. "ಹೊಟ್ಟೆ ನಂದು. ಬರ್ತೀನಿ."

ಗುಳಿಗೆ ನುಂಗುತ್ತಾ ನುಂಗುತ್ತಾ ಅವಳ ಮೈ ಊದಿತು. "ಬಸಿರು ನಿಂತೈತೇನೇ?" ಎಂದು ಅತ್ತೆ ಆಸೆಯಿಂದ ಕೇಳಿದ ದಿನ ನಮ್ಮ ಮನೆಗೆ ಬಂದು, ಒಲೆಯ ಮುಂದೆ ಕೂತು ಅತ್ತಳು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಪರೀಕ್ಷೆಯ ದಿನ ಬಂತು. ನಾವು ಮೂವತ್ತು ಜನ ಹೆಂಗಸರು ತೋಪಿನ ಕೂಲಿಗೆ ಹೊರಟ ಲಾರಿಯ ಹಿಂಬದಿಯಲ್ಲಿ ಒತ್ತೊತ್ತಾಗಿ ನಿಂತಿದ್ದೆವು. ಆಸ್ಪತ್ರೆಯ ಕವಲು ಬರುತ್ತಲೇ ಸಾಸಿಯಾ ಲಾರಿಯ ತಗಡು ಬಡಿದಳು.

ಶಾಧ್ಲಿ ಕಿಟಕಿಯಿಂದ ತಲೆ ಹೊರಹಾಕಿದ. "ಇಳಿದ್ರೆ ನಾಳೆಯಿಂದ ಹತ್ತಬ್ಯಾಡ. ಗೊಡ್ಡು ಹೊಟ್ಟೆಗೆ ಯಾವ ಡಾಕ್ಟ್ರೇ?"

ಲಾರಿ ನಿಲ್ಲಲಿಲ್ಲ. ಸಾಸಿಯಾ ಪಕ್ಕದ ಹಲಗೆ ಹತ್ತಿ ಒಂದು ಕಾಲು ಆಚೆಗೆ ಹಾಕಿದಳು.

"ನಿಲ್ಸೋ, ನಿನ್ ಹೆಣ ಎತ್ತ! ಇಲ್ದಿದ್ರೆ ಹಾರ್ತೀನಿ. ನನ್ ಹೆಣ ನೀನೇ ಹೊರುವಂತೆ."

ಹೆಂಗಸರೆಲ್ಲ ಚೀರಿಕೊಂಡರು. ಲಾರಿ ಕಿರುಚುತ್ತ ನಿಂತಿತು. ಅವಳು ಇಳಿದಳು.

"ನೀನೂ ಇಳೀತೀಯೇನೇ?" ಶಾಧ್ಲಿ ನನ್ನನ್ನು ಕೇಳಿದ.

ನನಗೆ ನಾಲ್ಕು ಮಕ್ಕಳು. ಇಳಿಯಲಿಲ್ಲ.

ಲಾರಿ ಹೊರಟಿತು. ಮಣ್ಣು ಮೆತ್ತಿದ ಬೂಟಿನಲ್ಲಿ ಅವಳು ಆಸ್ಪತ್ರೆಯ ದಾರಿ ಹಿಡಿದಿದ್ದಳು, ಒಬ್ಬಳೇ. ಒಂದು ಸಲವೂ ನನ್ನ ಕಡೆ ತಿರುಗಿ ನೋಡಲಿಲ್ಲ.